ಕೊಕ್ಕೆ ಮತ್ತು ನೂಲು: ನೊರಜು ಕಟ್ಟುವವರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದವು: ಟ್ರೌಟ್ ಮೀನಿಗೆಂದು ಕಟ್ಟುವ ಅತಿ ಸಣ್ಣ ನೊರಜುಗಳು, ಅಂದರೆ ಮಿಜ್ ಫ್ಲೈಗಳು. ಫ್ಲೈ ಎಂದರೆ ಮೀನನ್ನು ಮರುಳು ಮಾಡಲು ಕೊಕ್ಕೆಗೆ ನೂಲು, ಗರಿ ಸುತ್ತಿ ಮಾಡಿದ ಹುಸಿ ಕೀಟ. ಬೆಂಕಿಕಡ್ಡಿಯ ತಲೆಗಿಂತ ಸ್ವಲ್ಪವೇ ಉದ್ದವಾದ ಕೊಕ್ಕೆಯ ಮೇಲೆ ನೂಲು ಸುತ್ತುವ ಕೆಲಸ. ಹಿಂದಿನ ಸಂಚಿಕೆಯಲ್ಲಿ ನಾನು ‘ನೊರಜು ಕಟ್ಟುವುದು ದೊಡ್ಡ ಫ್ಲೈ ಕಟ್ಟುವುದಕ್ಕಿಂತ ಸುಲಭ’ ಎಂದು ಬರೆದದ್ದು ಹಲವರನ್ನು ಕೆರಳಿಸಿದೆ. ಆ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಇನ್ನೊಂದು ಮಾತನ್ನು ಮಾತ್ರ ತೆಗೆದುಕೊಳ್ಳಬೇಕಾಗಿದೆ. ಅದು ಮುಂದೆ ಬರುತ್ತದೆ.

ಪ್ರಶ್ನೆ: ಮೇಡಂ, 22ನೇ ಅಳತೆಯ ಕೊಕ್ಕೆಯ ಮೇಲೆ ಬರೀ ನೂಲಿನ ಮಿಜ್ ಕಟ್ಟುತ್ತಿದ್ದೇನೆ. ಮಣಿಯಿಲ್ಲ, ಗರಿಯಿಲ್ಲ, ನೂಲು ಮತ್ತು ತಂತಿ ಅಷ್ಟೇ. ಆದರೂ ಮುಗಿಯುವ ಹೊತ್ತಿಗೆ ಅದು ತುಂಬಿದ ಗೋಣಿಚೀಲದಂತೆ ಕಾಣುತ್ತದೆ. ಕೊಕ್ಕೆಯ ಕಣ್ಣು ನೂಲಿನಡಿ ಮುಚ್ಚಿಹೋಗಿರುತ್ತದೆ. ತಪ್ಪು ಎಲ್ಲಿದೆ?
— ಗೋಣಿಚೀಲದ ಕರ್ತೃ

ಉತ್ತರ: ಲೆಕ್ಕದಲ್ಲಿದೆ. ನೀವು ಕಟ್ಟಿದ್ದರಲ್ಲಿ ಒಂದನ್ನು ಬಲಿ ಕೊಡಿ. ಕೊಕ್ಕೆಯನ್ನು ಕಚ್ಚಿ ಹಿಡಿಯುವ ವೈಸಿಗೆ ಸಿಕ್ಕಿಸಿ, ಗಂಟನ್ನು ಬ್ಲೇಡಿನ ತುದಿಯಿಂದ ಕತ್ತರಿಸಿ, ಸೂಜಿಯ ಮೊನೆಯಲ್ಲಿ ನೂಲನ್ನು ಬಿಚ್ಚುತ್ತಾ ಸುತ್ತುಗಳನ್ನು ಎಣಿಸಿ. ನನ್ನ ಮೊದಲ ವರ್ಷದ ಒಂದು ನೊರಜನ್ನು ಹೀಗೆ ಬಿಚ್ಚಿದಾಗ 94 ಸುತ್ತುಗಳಿದ್ದವು. ಅದರಲ್ಲಿ 26 ತಲೆಯೊಂದರಲ್ಲೇ. ಈಗ ಅದೇ ಫ್ಲೈಯನ್ನು 35ರ ಆಸುಪಾಸಿನಲ್ಲಿ ಮುಗಿಸುತ್ತೇನೆ. ಮಿಕ್ಕ ಸುತ್ತುಗಳೆಲ್ಲ ‘ಬಿಚ್ಚಿಹೋದೀತು’ ಎಂಬ ಹೆದರಿಕೆಗೆ ಸುತ್ತಿದವು. ಇಷ್ಟು ಚಿಕ್ಕ ಕೊಕ್ಕೆಯಲ್ಲಿ ಹೆದರಿಕೆಗೆ ಜಾಗವಿಲ್ಲ. ಮೊದಲ ಸುತ್ತನ್ನು ಎರಡನೆಯದು ಹಿಡಿದುಕೊಂಡರೆ ಸಾಕು, ಮೂರನೆಯದು ಬೊಜ್ಜು.

ಎರಡನೆಯ ಕಾರಣ ಹುರಿ. ನಾನು ಮೂವತ್ತು ವರ್ಷ ಬಟ್ಟೆ ಹೊಲಿದು ಬದುಕಿದವಳು. ಕಾಜಾ ಹೊಲಿಯುವಾಗ ನೂಲಿನ ಹುರಿ ಬಿಚ್ಚಿಕೊಂಡರೆ ನೂಲು ಚಪ್ಪಟೆಯಾಗಿ ಹರಡಿ ಹೊಲಿಗೆ ಕೆಡುತ್ತದೆ. ಮೂವತ್ತು ವರ್ಷ ಅದನ್ನು ಬೈದುಕೊಂಡೇ ಕೆಲಸ ಮಾಡಿದೆ. ಫ್ಲೈ ಕಟ್ಟಲು ಕುಳಿತ ಮೇಲೆ ಬೇಕಾದದ್ದು ಅದೇ ಬೈಗುಳದ ನೂಲು. ನೀವು ಕೊಕ್ಕೆಯ ಸುತ್ತ ಬಾಬಿನ್ನನ್ನು, ಅಂದರೆ ನೂಲಿನ ಉರುಳೆಯ ಹಿಡಿಯನ್ನು, ಒಂದು ಸಲ ಸುತ್ತಿಸಿದಾಗಲೆಲ್ಲ ನೂಲಿಗೆ ಒಂದು ಹುರಿ ಸೇರುತ್ತದೆ. ಇಪ್ಪತ್ತು ಸುತ್ತಾಗುವಷ್ಟರಲ್ಲಿ ಅದು ಸಣ್ಣ ಹಗ್ಗ. ಹಗ್ಗದ ಮೇಲೆ ಹಗ್ಗ ಕೂತರೆ ಗೋಣಿಚೀಲ. ಆದ್ದರಿಂದ ಹತ್ತು ಸುತ್ತಿಗೊಮ್ಮೆ ಬಾಬಿನ್ನನ್ನು ನೇತುಬಿಟ್ಟು, ಮೇಲಿನಿಂದ ನೋಡಿದಾಗ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಿಸಿ. ನೂಲು ರಿಬ್ಬನ್ನಿನಂತೆ ಹರಡಿಕೊಳ್ಳುತ್ತದೆ. ಇದು ಬಲಗೈಯವರ ಲೆಕ್ಕ. ಎಡಗೈಯವರು ತಿರುವುಮುರುವು ಮಾಡಿಕೊಳ್ಳಬೇಕು. ಎಷ್ಟು ತಿರುಗಿಸಬೇಕೆಂದು ಕೇಳಬೇಡಿ. ಬೆಳಕು ಬಿದ್ದಾಗ ನೂಲು ಮಿನುಗಿದರೆ ಅದು ಚಪ್ಪಟೆಯಾಗಿದೆ ಎಂದರ್ಥ.

ಈಗ ಒಂದು ಮಿಜ್ ಕಟ್ಟೋಣ. ನೂಲನ್ನು ಕಣ್ಣಿನ ಪಕ್ಕದಲ್ಲಿ ಶುರು ಮಾಡಬೇಡಿ. ಕಣ್ಣಿನಿಂದ ಒಂದು ಕಣ್ಣಿನಗಲದಷ್ಟು ಜಾಗ ಬಿಟ್ಟು ಶುರು ಮಾಡಿ. ಆ ಜಾಗ ಕೊನೆಯ ಗಂಟಿನದು, ಅಲ್ಲಿಯವರೆಗೆ ಅಲ್ಲಿಗೆ ಕಾಲಿಡಕೂಡದು. ನಾಲ್ಕು ಸುತ್ತಾದ ಮೇಲೆ ನೂಲಿನ ಬಾಲವನ್ನು ಕತ್ತರಿಸಿ. ತಂತಿಯನ್ನು ಕೊಕ್ಕೆಯ ಕಾಲಿನ, ಅಂದರೆ ಕಣ್ಣಿನಿಂದ ಬಾಗಿನವರೆಗಿನ ಭಾಗದ, ಪೂರ್ತಿ ಉದ್ದಕ್ಕೆ ಮಲಗಿಸಿ ಕಟ್ಟಿಕೊಂಡು ಹೋಗಿ. ಹಿಂಭಾಗದಲ್ಲಿ ಮಾತ್ರ ಕಟ್ಟಿದರೆ ಅಲ್ಲೊಂದು ಮೆಟ್ಟಿಲು ಏಳುತ್ತದೆ. ಆ ಮೆಟ್ಟಿಲನ್ನು ಮುಚ್ಚಲು ಮತ್ತೆ ಇಪ್ಪತ್ತು ಸುತ್ತು ಹಾಕುತ್ತೀರಿ, ನನಗೆ ಗೊತ್ತು. ಬಾಗು ಶುರುವಾಗುವಲ್ಲಿ ನಿಂತು, ಹುರಿ ಬಿಡಿಸಿ, ಒಂದೇ ಪದರದಲ್ಲಿ ಮುಂದಕ್ಕೆ ಬನ್ನಿ. ಎದೆಯ ಭಾಗಕ್ಕೆ ನಾಲ್ಕೈದು ಸುತ್ತು ಹೆಚ್ಚು. ತಂತಿ ಐದು ಸುತ್ತು. ಮಿಕ್ಕ ತಂತಿಗೆ ಕತ್ತರಿ ಹಾಕಬೇಡಿ, ಬೆರಳಲ್ಲಿ ಹಿಡಿದು ಗಿರಗಿರನೆ ತಿರುಗಿಸಿ. ಬುಡಕ್ಕೇ ಮುರಿದು ಬರುತ್ತದೆ, ಮೊನೆ ಉಳಿಯುವುದಿಲ್ಲ. ಕೊನೆಯ ಗಂಟಿಗೆ ಮೂರು ಸುತ್ತು, ಅದೂ ನೂಲಿಗೆ ಒಂದಿಷ್ಟು ಹುರಿ ಹಾಕಿಕೊಂಡು. ಗಂಟಿನಲ್ಲಿ ಹಗ್ಗವೇ ಒಳ್ಳೆಯದು, ಸಣ್ಣ ಜಾಗದಲ್ಲಿ ಕೂರುತ್ತದೆ.

ಪ್ರಶ್ನೆ: 20ಕ್ಕಿಂತ 24 ದೊಡ್ಡದೋ ಚಿಕ್ಕದೋ? ನೂಲಿನ ಮೇಲೆ ಒಬ್ಬರು 8/0 ಎನ್ನುತ್ತಾರೆ, ಇನ್ನೊಬ್ಬರು 70 ಡೆನಿಯರ್ ಎನ್ನುತ್ತಾರೆ.
— ಸಂಖ್ಯೆಗಳಿಂದ ಪೀಡಿತ

ಉತ್ತರ: ಕೊಕ್ಕೆಯ ಸಂಖ್ಯೆ ಏರಿದಂತೆ ಕೊಕ್ಕೆ ಚಿಕ್ಕದಾಗುತ್ತದೆ. 24 ಚಿಕ್ಕದು. ಮಿಜ್‌ಗಳನ್ನು ಸಾಮಾನ್ಯವಾಗಿ 18ರಿಂದ 26ರವರೆಗೆ ಕಟ್ಟುತ್ತಾರೆ. 32ರವರೆಗೂ ಹೋಗುವವರಿದ್ದಾರೆ, ಅವರಿಗೆ ನನ್ನ ನಮಸ್ಕಾರ. ನೂಲಿನ ಸೊನ್ನೆಗಳ ಲೆಕ್ಕವನ್ನು ನಂಬಬೇಡಿ. ಒಂದು ಕಂಪನಿಯ 8/0 ಇನ್ನೊಂದು ಕಂಪನಿಯ 8/0 ಅಲ್ಲ. ಡೆನಿಯರ್ ಎಂಬುದು ನಿಜವಾದ ಅಳತೆ: 9,000 ಮೀಟರ್ ನೂಲಿನ ತೂಕ ಎಷ್ಟು ಗ್ರಾಂ ಎಂಬುದು. 20ರವರೆಗೆ 70 ಡೆನಿಯರ್ ಧಾರಾಳ. ಅದಕ್ಕಿಂತ ಚಿಕ್ಕ ಕೊಕ್ಕೆಗೆ ಇಳಿದಾಗ 50 ಅಥವಾ 30 ಡೆನಿಯರ್ ಹುಡುಕಿಕೊಳ್ಳಿ.

ಪ್ರಶ್ನೆ: ಹಿಂದಿನ ಸಂಚಿಕೆಯಲ್ಲಿ ತಂತಿಯನ್ನು ನೂಲು ಹೋದ ದಿಕ್ಕಿನಲ್ಲೇ ಸುತ್ತಿದರೆ ಸಾಕು, ವಿರುದ್ಧ ದಿಕ್ಕು ಬರೀ ಶೋಕಿ ಎಂದು ಬರೆದಿದ್ದೀರಿ. ನಿಮ್ಮ ಮಾತು ಕೇಳಿ ನವಿಲುಗರಿಯ ಎಳೆಯ ಮೇಲೆ ಹಾಗೆಯೇ ಸುತ್ತಿದೆ. ಎರಡನೇ ಮೀನಿಗೇ ಎಳೆ ಕಡಿದು ಬಾಲದಂತೆ ನೇತಾಡಿತು. ಬರೆಯುವ ಮೊದಲು ಕಟ್ಟಿ ನೋಡುತ್ತೀರೋ ಇಲ್ಲವೋ?
— ಸಿಟ್ಟಾದ ಹಳೆಯ ಓದುಗ

ಉತ್ತರ: ಕಟ್ಟಿ ನೋಡಿದ್ದು ನೂಲಿನ ಮೈಯ ಮೇಲೆ. ಬರೆದದ್ದು ಎಲ್ಲದಕ್ಕೂ ಅನ್ವಯಿಸುವ ಹಾಗೆ. ತಪ್ಪು ನನ್ನದು. ನವಿಲುಗರಿಯ ಎಳೆ ಬಲು ಮೆದು, ಟ್ರೌಟಿನ ಹಲ್ಲು ತಾಗಿದರೆ ಕಡಿಯುತ್ತದೆ. ತಂತಿ ಅದೇ ದಿಕ್ಕಿನಲ್ಲಿ ಹೋದರೆ ಎಳೆಯ ಸುತ್ತುಗಳ ನಡುವಿನ ಸಂದಿಯಲ್ಲಿ ಮುಳುಗಿ ಕೂರುತ್ತದೆ. ವಿರುದ್ಧ ದಿಕ್ಕಿನಲ್ಲಿ ಹೋದರೆ ಪ್ರತಿ ಸುತ್ತಿನ ಮೇಲೂ ಅಡ್ಡ ಹಾಯ್ದು ಅದನ್ನು ಒತ್ತಿಹಿಡಿಯುತ್ತದೆ. ಒಂದೆಡೆ ಕಡಿದರೂ ಮಿಕ್ಕದ್ದು ಬಿಚ್ಚಿಕೊಳ್ಳದು. ನೂಲಿನ ಮೈಗೆ ಈ ಚಿಂತೆ ಬೇಡ. ಅಲ್ಲಿ ಅದೇ ದಿಕ್ಕಿಗೆ ಸುತ್ತುವುದರಲ್ಲಿ ಒಂದು ಲಾಭವೂ ಇದೆ: ಕೊನೆಯಲ್ಲಿ ನೂಲಿನಿಂದ ತಂತಿಯನ್ನು ಕಟ್ಟುವಾಗ ಅದು ಬಿಗಿಯಾಗುತ್ತದೆಯೇ ಹೊರತು ಸಡಿಲವಾಗುವುದಿಲ್ಲ. ಆ ಅರ್ಧವನ್ನು ಮಾತ್ರ ಉಳಿಸಿಕೊಳ್ಳುತ್ತೇನೆ, ಅನುಮತಿ ಇದ್ದರೆ.

ಪ್ರಶ್ನೆ: ಇಷ್ಟು ದೊಡ್ಡ ಮೀನು ಅಷ್ಟು ಸಣ್ಣ ಹುಳುವಿನ ಹಿಂದೆ ಏಕೆ ಬೀಳುತ್ತದೆ? ಸ್ವಲ್ಪ ದೊಡ್ಡದಾಗಿ ಕಟ್ಟಿದರೆ ಅದಕ್ಕೂ ಲಾಭ, ನನ್ನ ಕಣ್ಣಿಗೂ ಲಾಭ ಅಲ್ಲವೇ?
— ವ್ಯವಹಾರಸ್ಥ

ಉತ್ತರ: ನಿಮ್ಮ ವ್ಯವಹಾರ ಮೀನಿಗೆ ಗೊತ್ತಿಲ್ಲ. ಅದರ ಮುಂದೆ ಸಾವಿರಾರು ನೊರಜುಗಳು ಒಂದೇ ಗಾತ್ರದಲ್ಲಿ ತೇಲಿ ಬರುತ್ತಿರುತ್ತವೆ. ಅದು ಅಟ್ಟಿಸಿಕೊಂಡು ಹೋಗಬೇಕಿಲ್ಲ, ನಿಂತಲ್ಲೇ ಬಾಯಿ ತೆರೆದರೆ ಸಾಕು. ಆ ಸಾಲಿನಲ್ಲಿ ಎರಡರಷ್ಟು ದೊಡ್ಡದೊಂದು ಬಂದರೆ ಅದು ಔತಣದಂತೆ ಕಾಣುವುದಕ್ಕಿಂತ ಅಪರಿಚಿತನಂತೆ ಕಾಣುವುದೇ ಹೆಚ್ಚು.

ನೊರಜಿನ ಜೀವನವನ್ನು ತಿಳಿದುಕೊಂಡರೆ ಏನು ಕಟ್ಟಬೇಕೆಂಬುದು ತಾನಾಗಿ ಹೊಳೆಯುತ್ತದೆ. ಇವು ಕೈರೊನೊಮಿಡೇ ಎಂಬ ಕುಟುಂಬದ ಕೀಟಗಳು. ನೋಡಲು ಸೊಳ್ಳೆಯಂತೆ, ಆದರೆ ಕಚ್ಚುವುದಿಲ್ಲ. ಮೊಟ್ಟೆಯಿಂದ ಹೊರಬಂದ ಮರಿಹುಳು ತಳದ ಕೆಸರಿನಲ್ಲಿ ಬದುಕುತ್ತದೆ. ಕೆಲವು ಜಾತಿಗಳ ಹುಳುಗಳ ಮೈಯಲ್ಲಿ ನಮ್ಮ ರಕ್ತದಲ್ಲಿರುವಂತೆಯೇ ಹಿಮೋಗ್ಲೋಬಿನ್ ಇರುತ್ತದೆ. ಆಮ್ಲಜನಕ ಕಡಿಮೆಯಿರುವ ಕೆಸರಿನಲ್ಲಿ ಅದರಿಂದಲೇ ಬದುಕುತ್ತವೆ, ಅದರಿಂದಲೇ ಕೆಂಪಾಗಿರುತ್ತವೆ. ಕೆಂಪು ನೂಲಿನ ಮಿಜ್ ಏಕೆ ಎಂದು ಇನ್ನೊಬ್ಬರು ಕೇಳಿದ್ದರು, ಅವರಿಗೂ ಇದೇ ಉತ್ತರ.

ಆಮೇಲೆ ಕೋಶದ ಹಂತ, ಪ್ಯೂಪಾ. ನಮ್ಮ ಕಸುಬೆಲ್ಲ ಇರುವುದು ಇಲ್ಲಿಯೇ. ಕೋಶ ಮೇಲೇರುವಾಗ ಚರ್ಮದಡಿ ಅನಿಲ ತುಂಬಿಕೊಂಡು ಬೆಳ್ಳಿಯಂತೆ ಹೊಳೆಯುತ್ತದೆ. ಮಣಿ, ಬೆಳ್ಳಿಯ ತಂತಿ ಇವೆಲ್ಲ ಆ ಹೊಳಪಿನ ಅನುಕರಣೆ. ನೀರಿನ ಮೇಲ್ಮೈ ನಮಗೆ ಏನೂ ಅಲ್ಲ, ಆ ಜೀವಕ್ಕೆ ಅದು ಹೊರಗಿನಿಂದ ಚಿಲಕ ಹಾಕಿದ ಬಾಗಿಲು. ಅದನ್ನು ಭೇದಿಸಿ ರೆಕ್ಕೆ ಬಿಚ್ಚುವವರೆಗೆ ಅಲ್ಲೇ ಕೆಳಗೆ ನೇತಾಡುತ್ತದೆ. ಟ್ರೌಟಿಗೆ ಅಷ್ಟು ಹೊತ್ತು ಸಾಕು.

ಒಂದು ಚಳಿಗಾಲದ ಮಧ್ಯಾಹ್ನ ಎರಡು ಗಂಟೆ ನಾನು ತೇಲುವ ಫ್ಲೈಗಳನ್ನೇ ಎಸೆಯುತ್ತಾ ನಿಂತಿದ್ದೆ. ಮೀನುಗಳು ಕಣ್ಣೆದುರೇ ಎದ್ದು ಎದ್ದು ಬೀಳುತ್ತಿದ್ದವು, ನನ್ನದನ್ನು ಮಾತ್ರ ಮುಟ್ಟಲಿಲ್ಲ. ಕೊನೆಗೆ ಬೇಸರದಿಂದ ಕುಳಿತು ನೋಡಿದೆ. ಮೀನು ಎದ್ದಾಗ ಕಾಣುತ್ತಿದ್ದದ್ದು ಬೆನ್ನು ಮತ್ತು ಬೆನ್ನಿನ ರೆಕ್ಕೆ, ಮೂತಿಯಲ್ಲ. ನೀರಿನ ಮೇಲೆ ಗುಳ್ಳೆಯೂ ಉಳಿಯುತ್ತಿರಲಿಲ್ಲ. ಮೇಲ್ಮೈಯಿಂದ ಹುಳುವನ್ನು ಕಬಳಿಸಿದರೆ ಬಾಯಿಗೆ ಗಾಳಿಯೂ ಹೋಗುತ್ತದೆ, ಗುಳ್ಳೆ ಬರುತ್ತದೆ. ಗುಳ್ಳೆ ಇಲ್ಲವೆಂದರೆ ಅವು ಒಂದೆರಡು ಅಂಗುಲ ಕೆಳಗೆ ಕೋಶಗಳನ್ನು ತಿನ್ನುತ್ತಿವೆ. ಅದೇ ತೇಲುವ ಫ್ಲೈಯ ಬಾಗಿಗೆ ಒಂದು ಗೇಣು ದಾರ ಕಟ್ಟಿ, ಅದರ ತುದಿಗೆ 22ರ ಕಪ್ಪು ನೂಲಿನ ಮಿಜ್ ಬಿಟ್ಟೆ. ನಾಲ್ಕನೇ ಎಸೆತಕ್ಕೆ ಮೀನು ಸಿಕ್ಕಿತು. ಆ ಎರಡು ಗಂಟೆಯ ನಷ್ಟ ಇನ್ನೂ ನೋಯುತ್ತದೆ.

ಚಳಿಗಾಲ ಎಂದೆ. ಬೇರೆ ಕೀಟಗಳು ಕಾಣದ ತಿಂಗಳುಗಳಲ್ಲೂ ನೊರಜು ಏಳುತ್ತದೆ. ಅಣೆಕಟ್ಟಿನ ಕೆಳಗಿನ ನದಿಗಳಲ್ಲಿ ಜಲಾಶಯದ ಆಳದಿಂದ ಬಿಟ್ಟ ನೀರು ವರ್ಷವಿಡೀ ಹೆಚ್ಚುಕಡಿಮೆ ಒಂದೇ ತಂಪಿನಲ್ಲಿರುವುದರಿಂದ ಅಲ್ಲಿ ಇವುಗಳದೇ ರಾಜ್ಯ. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ನವಾಹೋ ಅಣೆಕಟ್ಟಿನ ಕೆಳಗೆ ಹರಿಯುವ ಸ್ಯಾನ್ ವಾನ್ ನದಿ ಈ ಸಣ್ಣ ಫ್ಲೈಗಳಿಗಾಗಿಯೇ ಹೆಸರುವಾಸಿ. ಹಾಗೆಂದು ನೊರಜೆಲ್ಲ ಸಣ್ಣದೇ ಎಂದುಕೊಳ್ಳಬೇಡಿ. ಬ್ರಿಟನ್ನಿನ ಕೆರೆಗಳಲ್ಲಿ ಇದೇ ಕುಟುಂಬದ ದೊಡ್ಡಣ್ಣಂದಿರಿದ್ದಾರೆ. ಅಲ್ಲಿನವರು ಅವನ್ನು ‘ಬಝರ್’ ಎಂದು ಕರೆದು 10, 12ರ ಕೊಕ್ಕೆಯ ಮೇಲೂ ಕಟ್ಟುತ್ತಾರೆ. ನಿಮ್ಮ ಕಣ್ಣಿಗೆ ಲಾಭ ಬೇಕಿದ್ದರೆ ಅಂಥ ಕೆರೆ ಹುಡುಕಿಕೊಳ್ಳಿ.

ಪ್ರಶ್ನೆ: ಐವತ್ತೈದು ದಾಟಿದೆ. 20ರ ಕೊಕ್ಕೆ ವೈಸಿನಲ್ಲಿ ಇದೆಯೋ ಬಿದ್ದಿದೆಯೋ ಎಂಬುದೇ ತಿಳಿಯುವುದಿಲ್ಲ. ಬಿಟ್ಟುಬಿಡಲೇ?
— ಮಬ್ಬುಗಣ್ಣಿನವ

ಉತ್ತರ: ನನಗೆ ಅರವತ್ತಮೂರು. ಬಿಟ್ಟಿಲ್ಲ. ಮೊದಲು ಭೂತಗನ್ನಡಿಗೆ ಓಡುವುದರ ಬದಲು ವೈಸಿನ ಹಿಂದೆ ಒಂದು ಬಿಳಿಯ ರಟ್ಟು ನಿಲ್ಲಿಸಿ. ಕಪ್ಪು ನೂಲು, ಅದರ ಹಿಂದೆ ಅಸ್ತವ್ಯಸ್ತ ಮೇಜು ಇದ್ದರೆ ಇಪ್ಪತ್ತರ ಹರೆಯದ ಕಣ್ಣಿಗೂ ಕಾಣದು. ಬಿಳಿ ನೂಲಿಗೆ ಕಪ್ಪು ರಟ್ಟು. ದೀಪ ನೂಲು ಹಿಡಿದ ಕೈಯ ಎದುರು ಬದಿಯಿಂದ ಬರಲಿ, ಇಲ್ಲದಿದ್ದರೆ ಸ್ವಂತ ಕೈಯ ನೆರಳಿನಲ್ಲೇ ಕಟ್ಟುತ್ತೀರಿ. ಇಷ್ಟಾದ ಮೇಲೂ ಸಾಲದಿದ್ದರೆ ತಲೆಗೆ ಕಟ್ಟುವ ಭೂತಗನ್ನಡಿ ತೆಗೆದುಕೊಳ್ಳಿ. ಹೆಚ್ಚು ದೊಡ್ಡದು ಮಾಡಿ ತೋರಿಸುವ ಗಾಜು ಬೇಡ, ಅದರಲ್ಲಿ ಕೈ ಮುಖಕ್ಕೆ ತೀರಾ ಹತ್ತಿರ ಬರಬೇಕಾಗುತ್ತದೆ, ಬಾಬಿನ್ ಮೂಗಿಗೆ ಬಡಿಯುತ್ತದೆ. ಎರಡು ಪಟ್ಟು ತೋರಿಸುವುದು ಸಾಕು. ಕೈ ನಡುಗಿದರೆ ಅಂಗೈಯ ಬುಡವನ್ನು ವೈಸಿನ ಕಂಬಕ್ಕೆ ಒರಗಿಸಿ.

ಮತ್ತು 22ರಿಂದ ಶುರು ಮಾಡಬೇಡಿ. ಒಂದೇ ಮಾದರಿಯನ್ನು 16ರಲ್ಲಿ ಒಂದು ಡಜನ್, ಆಮೇಲೆ 18ರಲ್ಲಿ, ಆಮೇಲೆ 20ರಲ್ಲಿ. ಕಣ್ಣು ಮಾಡುತ್ತಿದ್ದ ಕೆಲಸವನ್ನು ಅಷ್ಟರಲ್ಲಿ ಬೆರಳು ಕಲಿತಿರುತ್ತದೆ.

ಪ್ರಶ್ನೆ: ನನ್ನ ಬಳಿ ನಲವತ್ತು ಮಿಜ್ ಮಾದರಿಗಳ ಪಟ್ಟಿಯಿದೆ. ಯಾವುದರಿಂದ ಶುರು ಮಾಡಲಿ?
— ಪಟ್ಟಿ ಪ್ರಿಯೆ

ಉತ್ತರ: ಮೂವತ್ತಾರನ್ನು ಹೊಡೆದುಹಾಕಿ. ಉಳಿಯಬೇಕಾದವು ಇವು. ಬರೀ ನೂಲಿನದು, ಮೇಲೆ ಹೇಳಿದೆ. ಅದಕ್ಕೊಂದು ಮಣಿ ಸೇರಿಸಿದರೆ ಝೀಬ್ರಾ ಮಿಜ್: ಕಪ್ಪು ನೂಲು, ಬೆಳ್ಳಿಯ ತಂತಿಯ ಪಟ್ಟೆ, ಬೆಳ್ಳಿಯ ಮಣಿ. ಅರಿಜೋನಾದ ಲೀಸ್ ಫೆರಿಯಲ್ಲಿ ಟೆಡ್ ವೆಲ್ಲಿಂಗ್ ಎಂಬುವವರು ಕಟ್ಟಿದ್ದು. ಮೂರನೆಯದು ಬ್ರಾಸಿ. ಕೊಲೊರಾಡೋದ ಸೌತ್ ಪ್ಲಾಟ್ ನದಿಯ ಮೇಲೆ 1960ರ ದಶಕದಲ್ಲಿ ಹುಟ್ಟಿತು. ತಾಮ್ರದ ತಂತಿಯನ್ನು ಒತ್ತೊತ್ತಾಗಿ ಸುತ್ತಿದರೆ ಅದೇ ಮೈ, ಕತ್ತಿನ ಬಳಿ ಒಂದೆರಡು ಸುತ್ತು ನವಿಲುಗರಿಯ ಎಳೆ. ತಾನೇ ಭಾರವಾಗಿರುವುದರಿಂದ ಬೇಗ ಮುಳುಗುತ್ತದೆ.

ನಾಲ್ಕನೆಯದು ಗ್ರಿಫಿತ್ಸ್ ನ್ಯಾಟ್. 1959ರಲ್ಲಿ ಮಿಷಿಗನ್ನಿನಲ್ಲಿ ಟ್ರೌಟ್ ಅನ್‌ಲಿಮಿಟೆಡ್ ಸಂಸ್ಥೆಯನ್ನು ಕಟ್ಟಿದವರಲ್ಲಿ ಒಬ್ಬರಾದ ಜಾರ್ಜ್ ಗ್ರಿಫಿತ್ ಅವರ ಹೆಸರು ಅದಕ್ಕಿದೆ. ನವಿಲುಗರಿಯ ಎಳೆಯ ಮೈ, ಅದರ ಉದ್ದಕ್ಕೂ ಬೂದು-ಬಿಳಿ ಪಟ್ಟೆಯ ಹುಂಜದ ಗರಿ. ನನಗೆ ಇದರ ಮೇಲೆ ವಿಶೇಷ ಪ್ರೀತಿ, ಏಕೆಂದರೆ ಇದು ಮುದುಕರ ಪರವಾಗಿದೆ. ರೆಕ್ಕೆ ಬಂದ ನೊರಜುಗಳು ಕೂಡುವಾಗ ಹತ್ತಾರು ಒಟ್ಟಿಗೆ ಉಂಡೆಯಾಗಿ ನೀರ ಮೇಲೆ ಉರುಳುತ್ತವೆ. ಮೀನು ಆ ಉಂಡೆಯನ್ನೇ ನುಂಗುತ್ತದೆ. ಒಂದೊಂದು ನೊರಜು 26ರಷ್ಟಿದ್ದರೂ ಉಂಡೆಯನ್ನು 18ರಲ್ಲಿ ಧೈರ್ಯವಾಗಿ ಕಟ್ಟಬಹುದು. ಗರಿಯ ಎಳೆಗಳು ಕೊಕ್ಕೆಯ ಬಾಯಿಯಗಲಕ್ಕಿಂತ ಬಹಳ ಉದ್ದ ಇರದಂತೆ ನೋಡಿಕೊಳ್ಳಿ, ಅಷ್ಟೇ.

ಪ್ರಶ್ನೆ: ಮಣಿ ಹಾಕಿದ ಮಿಜ್‌ಗೆ ಮೀನು ತಾಗುತ್ತದೆ, ನಿಲ್ಲುವುದಿಲ್ಲ. ಇನ್ನೊಂದು ಸಂಕಟ: ಕಟ್ಟಿ ಮುಗಿಸಿ ಮೊನೆಯ ಹಿಂದಿನ ಮುಳ್ಳನ್ನು ಒತ್ತಿ ಚಪ್ಪಟೆ ಮಾಡುವಾಗ ಕೊಕ್ಕೆಯೇ ಮುರಿಯುತ್ತದೆ.
— ಎರಡು ಸಲ ಸೋತವನು

ಉತ್ತರ: ಎರಡನೆಯದು ಮೊದಲು. ಫ್ಲೈ ಕಟ್ಟುವ ಮುಂಚೆಯೇ ಮುಳ್ಳನ್ನು ಒತ್ತಿ. ಮುರಿದರೆ ಕೊಕ್ಕೆ ಮಾತ್ರ ಹೋಗುತ್ತದೆ, ಕಾಲು ಗಂಟೆಯ ಕೆಲಸವಲ್ಲ. ಈ ಬುದ್ಧಿ ನನಗೆ ಬಂದದ್ದು ಒಂದೇ ಸಂಜೆ ಐದು ಮುರಿದ ಮೇಲೆ. ಇಕ್ಕಳವನ್ನು ಮೊನೆಯ ಕಡೆಯಿಂದ, ಮೊನೆಯ ನೇರಕ್ಕೇ ಹಿಡಿದು ಮೆಲ್ಲಗೆ ಒತ್ತಬೇಕು. ಅಡ್ಡಲಾಗಿ ಹಿಡಿದು ಒತ್ತಿದರೆ ಮೊನೆ ಸಿಡಿಯುತ್ತದೆ.

ಮೊದಲನೆಯದಕ್ಕೆ ಮಣಿಯ ಗಾತ್ರ ಕಾರಣ. ಕೊಕ್ಕೆಯ ಕಾಲಿಗೂ ಮೊನೆಗೂ ನಡುವಿನ ಬಾಯಿ ಇಷ್ಟು ಚಿಕ್ಕ ಕೊಕ್ಕೆಯಲ್ಲಿ ಮೊದಲೇ ಕಿರಿದು. ಅದರೊಳಗೆ ದಪ್ಪ ಮಣಿ ಕೂತರೆ ಮೀನಿನ ತುಟಿಗೆ ಜಾಗವೆಲ್ಲಿ? 20 ಮತ್ತು 22ಕ್ಕೆ 1.5 ಮಿಲಿಮೀಟರ್ ಮಣಿ, 16 ಮತ್ತು 18ಕ್ಕೆ 2 ಮಿಲಿಮೀಟರ್. ಬಾಯಿ ಅಗಲವಾಗಿರುವ, ಕಾಲು ಗಿಡ್ಡವಾಗಿರುವ ಬಾಗಿದ ಕೊಕ್ಕೆಗಳು ಸಿಗುತ್ತವೆ. ನಾನು 2488 ಸಂಖ್ಯೆಯ ಟೀಮ್ಕೋ ಕೊಕ್ಕೆಯನ್ನು ಬಳಸುತ್ತೇನೆ. ಸಣ್ಣ ಮಣಿಯಲ್ಲೂ ತೂಕ ಬೇಕಿದ್ದರೆ ಹಿತ್ತಾಳೆಯ ಬದಲು ಟಂಗ್‌ಸ್ಟನ್. ಅದೇ ಗಾತ್ರದಲ್ಲಿ ಎರಡು ಪಟ್ಟಿಗಿಂತ ಹೆಚ್ಚು ಭಾರ.

ಪ್ರಶ್ನೆ: ನದಿಯ ದಡದಲ್ಲಿ 24ರ ಕಣ್ಣಿನೊಳಗೆ ದಾರ ಪೋಣಿಸುವುದು ಹೇಗೆ?
— ಬೆರಳು ಮರಗಟ್ಟಿದವ

ಉತ್ತರ: ಮನೆಯಲ್ಲೇ ಪೋಣಿಸಿಕೊಂಡು ಹೋಗುವುದು. ಸೂಜಿಗೆ ನೂಲು ಪೋಣಿಸುವ ತಂತಿಯ ಕುಣಿಕೆ ಇರುತ್ತದಲ್ಲ, ಅದರ ಮೇಲೆ ಹತ್ತು ಮಿಜ್‌ಗಳನ್ನು ಸಾಲಾಗಿ ಏರಿಸಿಟ್ಟುಕೊಳ್ಳಿ. ದಡದಲ್ಲಿ ದಾರವನ್ನು ಕುಣಿಕೆಗೆ ತೂರಿಸಿ, ಒಂದು ಮಿಜ್ಜನ್ನು ಎಳೆದು ದಾರದ ಮೇಲೆ ಜಾರಿಸಿದರೆ ಆಯಿತು. ಕಟ್ಟಿದ ದಿನವೇ ಕಣ್ಣಿನಲ್ಲಿ ಅಂಟು ತುಂಬಿದೆಯೇ ಎಂದು ಸೂಜಿ ತೂರಿಸಿ ನೋಡಿ. ಒಣಗಿದ ಮೇಲೆ ಅದು ಕಲ್ಲು. ದಾರ 6X ಅಥವಾ 7X ಇರಲಿ. 11ರಿಂದ ಆ ಅಂಕಿಯನ್ನು ಕಳೆದರೆ ಅಂಗುಲದ ಸಾವಿರದ ಲೆಕ್ಕದಲ್ಲಿ ದಪ್ಪ ಸಿಗುತ್ತದೆ. 6X ಎಂದರೆ ಸಾವಿರದ ಐದು ಭಾಗ, ಸುಮಾರು 0.127 ಮಿಲಿಮೀಟರ್.

ಪ್ರಶ್ನೆ: ಆಂಟಿ, ನನಗೆ ಹನ್ನೆರಡು ವರ್ಷ. ಮೂರೇ ಬಣ್ಣದ ನೂಲು ತೆಗೆದುಕೊಳ್ಳಲು ಅಪ್ಪ ಹೇಳಿದ್ದಾರೆ. ಯಾವ ಮೂರು? ನಾನು ಬರೆದ ನೊರಜಿನ ಚಿತ್ರ ಜೊತೆಗಿದೆ.

ಉತ್ತರ: ಕಪ್ಪು, ಕೆಂಪು, ಮಾಸಲು ಹಸಿರು. ಕಪ್ಪು ಮೊದಲು ಖಾಲಿಯಾಗುತ್ತದೆ, ಅಪ್ಪನಿಗೆ ಈಗಲೇ ತಿಳಿಸು. ಮುಳ್ಳು ಒತ್ತುವಾಗ ಕನ್ನಡಕ ಹಾಕಿಕೋ, ಮುರಿದ ಚೂರು ಎಲ್ಲಿಗೆ ಹಾರುತ್ತದೆ ಎಂದು ಹೇಳಲಾಗದು. ಚಿತ್ರ ಬಹಳ ಚೆನ್ನಾಗಿದೆ. ಗಂಡು ನೊರಜಿನ ಮೀಸೆ ಕುಚ್ಚಿನಂತಿರುವುದನ್ನೂ ಗಮನಿಸಿ ಬರೆದಿದ್ದೀಯೆ. ಆದರೆ ನೀನು ನಾಲ್ಕು ರೆಕ್ಕೆ ಬರೆದಿದ್ದೀಯೆ. ಅದಕ್ಕಿರುವುದು ಎರಡೇ. ಹಿಂದಿನ ಎರಡನ್ನು ಅಳಿಸು.